ತಾತನ ಜೋಡು ನಳಿಗೆ ರೈಫಲ್‌ಗೆ ತೋಟಾ ಸಿಗುತ್ತಿಲ್ಲ, ಹಳೆಯ ಕೇಸ್‌ಗಳನ್ನೇ ಮತ್ತೆ ತುಂಬಿಸಬಹುದಾ?

ಗವಿಪುರದ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಕೋವಿ ವಿಷಯ ತಿಳಿದವರು ಇಲ್ಲಿದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮ ತಾತ ಶಿವಮೊಗ್ಗ ಕಡೆ ಮರದ ಕಂಟ್ರಾಕ್ಟರ್ ಆಗಿದ್ದವರು. ಆಮೇಲೆ ಗವಿಪುರದಲ್ಲಿ ಮನೆ ಕಟ್ಟಿಸಿ ಇಲ್ಲೇ ಉಳಿದರು. ಒಬ್ಬ ಇಂಗ್ಲಿಷ್ ಪ್ಲಾಂಟರ್ ತನ್ನ ದೇಶಕ್ಕೆ ವಾಪಸ್ ಹೋಗುವಾಗ ಅವನಿಂದ ಒಂದು ರೈಫಲ್ ಕೊಂಡಿದ್ದರು. ಎರಡು ನಳಿಗೆ ಅಕ್ಕಪಕ್ಕ ಇದೆ. ಮಧ್ಯಕ್ಕೆ ಮಡಚಿ ತೋಟಾ ಹಾಕುವ ಥರದ್ದು. ಕುದುರೆ, ಅಂದರೆ ಗುಂಡು ಹಾರಿಸಲು ಬಡಿಯುವ ಸುತ್ತಿಗೆ, ಹೊರಗೆ ಕಾಣುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ತಾತ ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಸೇರಿಸಿದರಂತೆ. ಚುನಾವಣೆ ಬಂದಾಗ ಪೊಲೀಸ್ ಸ್ಟೇಷನ್ನಿನಲ್ಲಿ ಠೇವಣಿ ಇಡಲು ಮಾತ್ರ ಅದು ಹೊರಗೆ ಬರುತ್ತದೆ.

ಲೈಸೆನ್ಸ್ ಈಗ ದೊಡ್ಡಪ್ಪನ ಹೆಸರಲ್ಲಿದೆ, ಕಾಲಕಾಲಕ್ಕೆ ರಿನ್ಯೂ ಆಗಿದೆ. ಅವರಿಗೆ ಎಪ್ಪತ್ತು ದಾಟಿತು. "ಇನ್ನು ನೀನು ನೋಡ್ಕೋ, ನನ್ನ ಕೈಲಾಗಲ್ಲ" ಅಂತಿದ್ದಾರೆ.

ಲೈಸೆನ್ಸ್ ಪುಸ್ತಕದಲ್ಲಿ .450/400 ಅಂತ ಬರೆದಿದೆ. ಜೊತೆಗೆ ಒಂದು ಬಿಸ್ಕತ್ ಡಬ್ಬದಲ್ಲಿ ಹಳೆಯ ತೋಟಾ ಇವೆ. ತಳದಲ್ಲಿ ಕೈನಾಕ್ (ಇಂಗ್ಲೆಂಡಿನ ತೋಟಾ ಕಂಪನಿ) ಅಂತಲೂ .400 ಅಂತಲೂ ಮುದ್ರೆ ಇದೆ. ಕೆಲವಕ್ಕೆ ಹಸಿರು ಕಿಲುಬು ಹಿಡಿದಿದೆ. ಕೆಲವು ಖಾಲಿ ಕೇಸ್, ಅಂದರೆ ತೋಟಾದ ಹಿತ್ತಾಳೆ ಕೊಳವೆ ಮಾತ್ರ. ಕಂಟೋನ್ಮೆಂಟ್ ಕಡೆಯ ಕೋವಿ ಅಂಗಡಿಯಲ್ಲಿ ವಿಚಾರಿಸಿದರೆ, "ಇದು ಬರೋದು ನಿಂತು ಎಷ್ಟೋ ಕಾಲ ಆಯ್ತು, .315 ಬೇಕಾದ್ರೆ ಕೇಳಿ" ಅಂದರು.

ಪೀಣ್ಯದಲ್ಲಿ ನನ್ನ ಗೆಳೆಯನ ವರ್ಕ್‌ಶಾಪ್ ಇದೆ. ಅವನು "ಅಳತೆ ಕೊಡು, ಹಿತ್ತಾಳೆ ರಾಡಿನಲ್ಲಿ ಕೇಸ್ ಟರ್ನ್ ಮಾಡಿ ಕೊಡ್ತೀನಿ" ಅನ್ನುತ್ತಾನೆ. ಅಮೆರಿಕದಲ್ಲಿ ಜನ ಮನೆಯಲ್ಲೇ ತೋಟಾ ತುಂಬಿಸಿಕೊಳ್ಳುವ ವಿಡಿಯೋ ನಾನೂ ನೋಡಿದ್ದೇನೆ. ಬೇಟೆಯ ಯೋಚನೆ ನನಗಿಲ್ಲ. ತಾತನ ರೈಫಲ್‌ನಲ್ಲಿ ಒಂದೆರಡು ಸಲ ರೇಂಜಿನಲ್ಲಿ ಗುರಿ ಹೊಡೆದು ನೋಡುವ ಆಸೆ, ಅಷ್ಟೇ. ಸಾಧ್ಯವಾ? ಇಲ್ಲದಿದ್ದರೆ ಯಾಕೆ ಅಂತ ತಿಳಿಸಿ.

ವಿರಾಜಪೇಟೆ ಕಾಫಿ

ನಮ್ಮ ಕೊಡಗಿನ ಕಡೆ ಮನೆಗೊಂದು ತೋಕ್, ಅಂದರೆ ಕೋವಿ, ಇರುತ್ತದೆ, ಕೈಲ್ ಪೋಳ್ದ್ ಹಬ್ಬದ ದಿನ ಹೂವಿಟ್ಟು ಪೂಜೆ ಮಾಡುತ್ತೇವೆ. ನನ್ನ ಅಜ್ಜ 12 ಬೋರಿನ ಹಿತ್ತಾಳೆ ಕೇಸಿಗೆ ಮನೆಯಲ್ಲೇ ಮದ್ದು, ಚರೆ ತುಂಬಿಸುತ್ತಿದ್ದರು. ಹಾಗಾಗಿ ನಿಮ್ಮ ಆಸೆ ಅರ್ಥವಾಗುತ್ತದೆ.

ಆದರೆ 12 ಬೋರ್ ಬೇರೆ, ಇದು ಬೇರೆ. ಚರೆ ಕೋವಿಯ ಒತ್ತಡ ಕಡಿಮೆ. ರೈಫಲ್‌ದು ಅದರ ಎಷ್ಟೋ ಪಟ್ಟು. ಇನ್ನೊಂದು ಮಾತು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ ಅಂತ ಬೆಂಗಳೂರಿನ ಜನ ನಮ್ಮನ್ನು ಏನೇನೋ ಕೇಳುತ್ತಾರೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಮನೆಯಲ್ಲಿ ತೋಟಾ ತಯಾರಿಸಲು ಅಲ್ಲ.

ಹಳೇ ಟೂಲ್‌ರೂಮ್

ಮೊದಲು ಒಂದು ಕೆಲಸ ಮಾಡಿ. ಆ ಡಬ್ಬದ ತೋಟಾ ಯಾವುದನ್ನೂ ರೈಫಲ್‌ಗೆ ಹಾಕಿ ನೋಡಬೇಡಿ. "ಹೋಗುತ್ತಾ ಅಂತ ಸುಮ್ನೆ ನೋಡ್ತೀನಿ" ಅಂತಲೂ ಬೇಡ. ಇಕ್ಕಳ ಹಾಕಿ ಗುಂಡು ಎಳೆಯುವುದೂ ಬೇಡ. ಡಬ್ಬ ಮುಚ್ಚಿ ಇಡಿ. ಆಮೇಲೆ ನಿಧಾನವಾಗಿ ಇದನ್ನು ಓದಿ.

ನಾನು ಜಾಲಹಳ್ಳಿ ಕಡೆ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಸಂಜೆ ಹೊತ್ತು ಕಂಟೋನ್ಮೆಂಟಿನ ಒಂದು ಲೈಸೆನ್ಸ್ ಇದ್ದ ರಿಪೇರಿ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಎಸ್ಟೇಟುಗಳಿಂದ, ಹಳೆಯ ಜಮೀನ್ದಾರರ ಮನೆಗಳಿಂದ ಇಂಥ ರೈಫಲ್‌ಗಳು ಅಲ್ಲಿಗೆ ಬರುತ್ತಿದ್ದವು. ಹೆಚ್ಚಿನವರ ಪ್ರಶ್ನೆ ನಿಮ್ಮದೇ: ತೋಟಾ ಎಲ್ಲಿ ಸಿಗುತ್ತೆ? ಆ ಪ್ರಶ್ನೆಗೆ ಮೊದಲು ಇನ್ನೊಂದು ಕೇಳಬೇಕು: ಇದು ಯಾವ ತೋಟಾಕ್ಕೆ ಮಾಡಿದ ರೈಫಲ್?

ಲೈಸೆನ್ಸ್ ಪುಸ್ತಕದಲ್ಲಿ .450/400 ಅಂತ ಇದ್ದರೆ ಅರ್ಧ ವಿಷಯ ಮಾತ್ರ ಗೊತ್ತಾಯಿತು. .450 ಕೇಸಿನ ಬಾಯಿ ಕಿರಿದು ಮಾಡಿ .400 ಗುಂಡು ಕೂರಿಸಿದ್ದಾರೆ ಅಂತ ಅದರ ಅರ್ಥ. ಈ ಅಂಕಿಗಳು ಬೋರ್, ಅಂದರೆ ನಳಿಗೆಯ ತೂತಿನ ಅಗಲ, ಸುಮಾರಾಗಿ ಇಂಚಿನಲ್ಲಿ. ಆ ಹೆಸರಿನಲ್ಲಿ ಮೂರು ಉದ್ದದ ಕೇಸ್ ಇದ್ದವು. 2⅜ ಇಂಚು, 3 ಇಂಚು, 3¼ ಇಂಚು. ಮಿಲಿಮೀಟರಿನಲ್ಲಿ ಸುಮಾರು 60, 76, 82.5. ಒಂದರ ಬದಲು ಇನ್ನೊಂದು ಹಾಕುವ ಹಾಗಿಲ್ಲ. ಉದ್ದ ಮಾತ್ರ ಬೇರೆ ಅಲ್ಲ, ಹೆಗಲಿನ ಜಾಗವೂ, ಅಂದರೆ ಕೇಸ್ ಕಿರಿದಾಗುವ ಕಡೆಯೂ, ಬೇರೆ. ತಳದ .400 ಮುದ್ರೆ ಗುಂಡಿನ ಬೋರ್ ಹೇಳುತ್ತದೆ, ಕೇಸಿನ ಉದ್ದ ಹೇಳುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದೇ 3¼ ಇಂಚಿನ ಕೇಸನ್ನು ಮೂರು ಥರ ತುಂಬಿಸುತ್ತಿದ್ದರು. ಮೊದಲು ಬಂದಿದ್ದು ಕರಿಮದ್ದು. ಕಾಗದ ಸುತ್ತಿದ ಸೀಸದ ಗುಂಡು. ಆಮೇಲೆ ಕಾರ್ಡೈಟ್ ಬಂತು, ಹೊಗೆ ಕಡಿಮೆ, ಒತ್ತಡ ಜಾಸ್ತಿ ಇರುವ ಮದ್ದು. ಅದಕ್ಕೆ ತಾಮ್ರ-ನಿಕಲ್ ಕವಚದ 400 ಗ್ರೇನ್ (ತೂಕದ ಇಂಗ್ಲಿಷ್ ಅಳತೆ) ಗುಂಡು. ಇವೆರಡರ ನಡುವೆ, ಕರಿಮದ್ದಿನ ರೈಫಲ್‌ಗೆ ಅಂತಲೇ ಹಗುರ ಮಾಡಿದ ಕಾರ್ಡೈಟ್ ತೋಟಾ ಇನ್ನೊಂದು. ಹೊರಗಿನಿಂದ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಕರಿಮದ್ದಿಗೆ ಮಾಡಿದ ನಳಿಗೆಗೆ ಪೂರ್ತಿ ಕಾರ್ಡೈಟ್ ತೋಟಾ ಹಾಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಎಡಗೈ ಎಲ್ಲಿರುತ್ತದೆ ಅಂತ ಯೋಚಿಸಿ ಸಾಕು.

ಅದಕ್ಕೇ ಹೇಳುವುದು, ತೋಟಾ ನೋಡಿ ರೈಫಲ್ ಗುರುತಿಸಬೇಡಿ. ನಳಿಗೆ ಬಿಚ್ಚಿ, ಬೋರಲು ಹಾಕಿ, ಕೆಳಗಿನ ಚಪ್ಪಟೆ ಜಾಗ ನೋಡಿ. ಲೆನ್ಸ್ ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸಿ. ಅಲ್ಲಿ ಕಿರೀಟದ ಗುರುತಿನ ಸಣ್ಣ ಸಣ್ಣ ಮುದ್ರೆಗಳು ಇರುತ್ತವೆ. ಲಂಡನ್ನಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಪ್ರೂಫ್ ಹೌಸ್‌ನವರು ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾರಿಸಿ, ನಳಿಗೆ ತಡೆದುಕೊಂಡರೆ ಮಾತ್ರ ಹೊಡೆದ ಮುದ್ರೆ ಅದು. ಯಾವ ಮದ್ದು, ಎಷ್ಟು ಗ್ರೇನ್, ಎಷ್ಟು ತೂಕದ ಗುಂಡು ಅಂತಲೂ ಕೆಲವದರಲ್ಲಿ ಬರೆದಿರುತ್ತದೆ. ಇಂಥ ರೈಫಲ್‌ನ ಜಾತಕ ಅದು. ಮುದ್ರೆ ಓದದೆ ತೋಟಾ ಹುಡುಕುವವರ ಜೊತೆ ನಾನು ಮಾತೇ ಆಡುತ್ತಿರಲಿಲ್ಲ, ಅಂಗಡಿ ಯಜಮಾನರಿಗೆ ಇದರಿಂದ ಸಿಟ್ಟು ಬರುತ್ತಿತ್ತು.

ಈಗ ಕಾರ್ಡೈಟ್ ವಿಷಯ. ಊಟಿ ರೈಲಿನಲ್ಲಿ ಹೋದವರು ಕೂನೂರು ದಾಟಿದ ಮೇಲೆ ಅರವಂಕಾಡು ಸ್ಟೇಷನ್ ನೋಡಿರುತ್ತೀರಿ. ಅಲ್ಲಿನ ಕಾರ್ಡೈಟ್ ಫ್ಯಾಕ್ಟರಿ 1904ರ ಸುಮಾರಿನದು. ಕಾರ್ಡೈಟ್ ಅಂದರೆ ಪುಡಿ ಅಲ್ಲ, ಒಣಗಿಸಿದ ಶಾವಿಗೆ ಕಂತೆ ಹಾಗೆ ಉದ್ದ ಎಳೆಗಳು. ಅದಕ್ಕೆ ಸೆಖೆ ಆಗುವುದಿಲ್ಲ. ಬಿಸಿಲಲ್ಲಿ ಬಿಸಿಯಾದ ತೋಟಾದ ಒತ್ತಡ ಏರುತ್ತದೆ. ಲಂಡನ್ನಿನ ಚಳಿಯಲ್ಲಿ ಸಲೀಸಾಗಿ ಹೊರಬರುವ ಕೇಸ್, ಇಲ್ಲಿನ ಏಪ್ರಿಲ್‌ನಲ್ಲಿ ನಳಿಗೆಯಲ್ಲೇ ಕಚ್ಚಿಕೊಂಡರೆ ಎದುರಿಗೆ ಕಾಟಿ ನಿಂತಿರುವಾಗ ಏನು ಮಾಡುವುದು? ಅದಕ್ಕೇ ಭಾರತಕ್ಕೆ ಬರುವ ಜೋಡು ನಳಿಗೆಗೆ ದೊಡ್ಡ ಕೇಸ್, ಕಡಿಮೆ ಒತ್ತಡ ಇಷ್ಟಪಟ್ಟರು. ನಿಮ್ಮ .450/400 ಇಲ್ಲಿ ಅಷ್ಟು ಹೆಸರು ಮಾಡಿದ್ದು ಅದರಿಂದ.

ಇನ್ನೊಂದು ಕಾರಣ ಸರ್ಕಾರದ್ದು. 1907ರ ಸುಮಾರಿಗೆ ಬ್ರಿಟಿಷರು ಭಾರತಕ್ಕೂ ಸುಡಾನಿಗೂ .450 ಬೋರ್ ತರಿಸುವುದನ್ನೇ ನಿಲ್ಲಿಸಿದರು. ಮಾರ್ಟಿನಿ-ಹೆನ್ರಿ ಎಂಬ ಹಳೆಯ ಸೈನ್ಯದ ಬಂದೂಕು .577/450. ಅವು ದಂಗೆಕೋರರ ಕೈಗೆ ಸೇರಿದ್ದವು. ಶಿಕಾರಿಯ ಗುಂಡು ಅದಕ್ಕೂ ಆಗಿಬಿಡುತ್ತದೆ ಅಂತ ಭಯ. ಆಗ ಇಂಗ್ಲೆಂಡಿನ ಕೋವಿ ಕಂಪನಿಗಳು ಏನು ಮಾಡಿದವು? .465, .470, .475 ಅಂತ ಆಚೀಚೆ ಜರುಗಿಸಿ ಹೊಸ ಬೋರ್ ತಂದವು. ಇವತ್ತು ನಮ್ಮ ಬೀರುಗಳಲ್ಲಿ ಒಂದಕ್ಕೊಂದು ಹೊಂದದ ಇಷ್ಟೊಂದು ಅಳತೆ ಇರುವುದು ಒಂದು ಸರ್ಕಾರಿ ಆದೇಶದ ಫಲ. 1960ರ ದಶಕ ಮುಗಿಯುವ ಹೊತ್ತಿಗೆ ಕೈನಾಕ್ ಇವುಗಳ ತಯಾರಿಕೆ ಕೈಬಿಟ್ಟಿತು. ಬಂದೂಕೆಲ್ಲ ಉಳಿದವು, ತಿನ್ನಿಸಲು ಏನೂ ಉಳಿಯಲಿಲ್ಲ.

ಪೀಣ್ಯದ ಗೆಳೆಯರಿಗೆ ಒಂದು ಮಾತು ಹೇಳಿ. ಲೇತ್ ಮೇಲೆ ಸಲೀಸಾಗಿ ಪುಡಿಪುಡಿಯಾಗಿ ಕತ್ತರಿಸುವ ರಾಡ್ ಹಿತ್ತಾಳೆಯಲ್ಲಿ ಸೀಸ ಬೆರೆಸಿರುತ್ತಾರೆ. ತೋಟಾದ ಹಿತ್ತಾಳೆ ಅದಲ್ಲ. ಅದು 70 ಪಾಲು ತಾಮ್ರ, 30 ಪಾಲು ಸತು. ಬಿಲ್ಲೆಯನ್ನು ಬಟ್ಟಲು ಮಾಡಿ, ಎಳೆದು ಎಳೆದು ಉದ್ದ ಮಾಡುತ್ತಾರೆ. ತಳ ಗಟ್ಟಿ ಇರಬೇಕು, ಬಾಯಿ ಕಾಯಿಸಿ ಮೆತ್ತಗೆ ಮಾಡಿರಬೇಕು. ಗುಂಡು ಹಾರುವ ಕ್ಷಣ ಬಾಯಿ ಉಬ್ಬಿ ನಳಿಗೆಗೆ ಅಂಟಿ ಗಾಳಿ ಹಿಂದಕ್ಕೆ ಬರದ ಹಾಗೆ ತಡೆಯುತ್ತದೆ, ಮರುಕ್ಷಣ ಕುಗ್ಗಿ ಬಿಟ್ಟುಕೊಡುತ್ತದೆ. ಅಳತೆ ಮೈಕ್ರಾನಿಗೆ ಸರಿ ಇದ್ದರೂ ಲೋಹ ತಪ್ಪಿದರೆ ಅದು ಶೋಕೇಸಿಗೆ ಮಾತ್ರ. ಅವರ ಕೈಗೆಲಸದ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಆ ಲೇತಿಗೆ ತೋಟಾ ತಯಾರಿಸುವ ಲೈಸೆನ್ಸ್ ಇಲ್ಲ, ಅಲ್ವಾ? ಅವರನ್ನು ಸಿಕ್ಕಿಸಬೇಡಿ.

ಮುದ್ರೆಯ ಫೋಟೋ ಹಾಕಿ. ಸೀರಿಯಲ್ ನಂಬರ್ ಮುಚ್ಚಿ ಹಾಕಿ.

ಮಾರಿ ಬಿಡಿ

ಇಷ್ಟೆಲ್ಲ ಯಾಕೆ ಸರ್? ಹೊಡೆಯೋಕಾಗಲ್ಲ, ಬೇಟೆ ಇಲ್ಲ, ಪ್ರತಿ ಚುನಾವಣೆಗೂ ಸ್ಟೇಷನ್ ಅಲೆದಾಟ. ಯಾರಾದರೂ ಲೈಸೆನ್ಸ್ ಇರುವವರಿಗೆ ಕೊಟ್ಟು ಕೈ ತೊಳೆದುಕೊಳ್ಳಿ.

ಗವಿಪುರದ ಮೊಮ್ಮಗ

ಮಾರುವ ಯೋಚನೆ ಇಲ್ಲ ಸರ್. ದೊಡ್ಡಪ್ಪ ಆ ಮಾತೆತ್ತಿದರೆ ಊಟ ಬಿಡುತ್ತಾರೆ.

ಹಳೇ ಟೂಲ್‌ರೂಮ್ ಸರ್, ನಿನ್ನೆ ಸಂಜೆ ದೊಡ್ಡಪ್ಪನ ಎದುರಿಗೇ ನಳಿಗೆ ಬಿಚ್ಚಿದೆವು. ಕಿಟಕಿ ಹತ್ತಿರ ಹಿಡಿದು ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಓದಿದ್ದು ಇಷ್ಟು: ಕಿರೀಟದ ಕೆಳಗೆ ಬಿವಿ, ಇನ್ನೊಂದು ಕಿರೀಟದ ಕೆಳಗೆ ಬಿಪಿ, ಮತ್ತೊಂದರ ಕೆಳಗೆ ಎನ್‌ಪಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕಾರ್ಡೈಟ್ 60-400 ಮ್ಯಾಕ್ಸ್". ಎರಡೂ ನಳಿಗೆಯಲ್ಲಿ ಒಂದೇ ಥರ ಇದೆ. ಕೇಸಿನ ಉದ್ದ ಹೇಳುವ ಮುದ್ರೆ ಇರಬಹುದಾದ ಜಾಗ ಸವೆದಿದೆ, ಓದಲು ಆಗಲಿಲ್ಲ.

ಡಬ್ಬದಲ್ಲಿ ಖಾಲಿ ಕೇಸ್ ಮಾತ್ರ ವರ್ನಿಯರ್‌ನಲ್ಲಿ ಅಳೆದೆ. 82 ಮಿಲಿಮೀಟರ್ ಚಿಲ್ಲರೆ. ಆದರೆ ತುಂಬಿದ ತೋಟಾದಲ್ಲಿ ಎರಡು ಥರ ಇವೆ. ಹೆಚ್ಚಿನವಕ್ಕೆ ಬೆಳ್ಳಿ ಬಣ್ಣದ ಕವಚ, ತುದಿಯಲ್ಲಿ ಮಾತ್ರ ಸೀಸ ಕಾಣುತ್ತದೆ. ಕೆಲವಕ್ಕೆ ಪೂರ್ತಿ ಸೀಸದ ಗುಂಡು, ಬುಡದಲ್ಲಿ ಹಳದಿ ಕಾಗದ ಸುತ್ತಿದೆ. ನೀವು ಹೇಳಿದ್ದನ್ನು ಓದದಿದ್ದರೆ ಇವೆಲ್ಲ ಒಂದೇ ಅಂದುಕೊಳ್ಳುತ್ತಿದ್ದೆ. ಒಂದೆರಡು ಕೇಸಿನ ಬಾಯಿ ಹತ್ತಿರ ಕೂದಲೆಳೆಯಂಥ ಬಿರುಕು ಬೇರೆ ಇದೆ, ಯಾರೂ ಹಾರಿಸದೆ ಹೇಗೆ ಬಿರುಕು ಬಿಟ್ಟಿತು?

ಮಲ್ಲೇಶ್ವರ ಟು ಡಲ್ಲಾಸ್

ನಾನು ಇಲ್ಲಿ ಟೆಕ್ಸಾಸ್‌ನಲ್ಲಿ ತೋಟಾ ತುಂಬಿಸುವ ಹವ್ಯಾಸ ಇರುವವನು. ಇಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ನನ್ನ ಹತ್ತಿರ ಇರುವುದು .405 ವಿಂಚೆಸ್ಟರ್, 1904ರಲ್ಲಿ ಬಂದ ಬೋರ್. ಅದೂ ನಡುವೆ ಸತ್ತೇಹೋಗಿತ್ತು, ಆಮೇಲೆ ಹಾರ್ನಡಿ ಕಂಪನಿ ಮತ್ತೆ ತಯಾರಿಸಿತು. ವಿಡಿಯೋ ನೋಡಿ ಸುಲಭ ಅನ್ನಿಸುತ್ತದೆ ಅಂತ ಬರೆಯುತ್ತಿದ್ದೇನೆ.

ಹಳೆಯ ಕೈನಾಕ್ ಕೇಸ್ ಇಲ್ಲಿದ್ದರೂ ನಾನು ಮುಟ್ಟುವುದಿಲ್ಲ. ಮೊದಲ ಕಾರಣ ಪ್ರೈಮರ್, ಅಂದರೆ ನಮ್ಮವರು ಕೇಪು ಅನ್ನುವುದು. ಅಮೆರಿಕದ ಬರ್ಡನ್ ಕಂಡುಹಿಡಿದ ಪದ್ಧತಿಯನ್ನು ಯೂರೋಪಿನವರು ಹಿಡಿದುಕೊಂಡರು, ಇಂಗ್ಲೆಂಡಿನ ಬಾಕ್ಸರ್ ಕಂಡುಹಿಡಿದದ್ದನ್ನು ಅಮೆರಿಕದವರು ಹಿಡಿದುಕೊಂಡರು. ಯಾಕೆ ಹೀಗಾಯಿತೋ! ಬಾಕ್ಸರ್ ಕೇಸಿನ ಮಧ್ಯದಲ್ಲಿ ಒಂದೇ ತೂತು, ಒಳಗಿನಿಂದ ಒಂದು ಪಿನ್ ಇಳಿಸಿದರೆ ಹಳೆಯ ಕೇಪು ಉದುರುತ್ತದೆ. ಬರ್ಡನ್ ಕೇಸಿನಲ್ಲಿ ಪಕ್ಕದಲ್ಲಿ ಎರಡು ಸಣ್ಣ ತೂತು, ಮಧ್ಯದಲ್ಲಿ ಅಡಿಗಲ್ಲಿನ ಹಾಗೆ ಉಬ್ಬು. ಪಿನ್ ಇಳಿಸಲು ಜಾಗವೇ ಇಲ್ಲ. ನಿಮ್ಮವು ಬರ್ಡನ್ ಆಗಿರುವ ಸಾಧ್ಯತೆಯೇ ಜಾಸ್ತಿ. ಆ ಅಳತೆಯ ಕೇಪು ಈಗ ಎಲ್ಲೂ ಸಲೀಸಾಗಿ ಸಿಗದು.

ಎರಡನೆಯದು ಪಾದರಸ. ಆ ಕಾಲದ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಇರುತ್ತಿತ್ತು. ಒಂದು ಸಲ ಹಾರಿಸಿದರೆ ಪಾದರಸ ಹಿತ್ತಾಳೆಗೆ ಇಳಿದು ಅದನ್ನು ಪೆಡಸು ಮಾಡುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುವ ಕೇಸ್ ಮುಂದಿನ ಸಲ ಒಡೆಯುತ್ತದೆ. ಕ್ಲೋರೇಟ್ ಇದ್ದರೆ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ, ನಮ್ಮ ಮಳೆಗಾಲದಲ್ಲಿ ಅದು ತುಕ್ಕು ತರುತ್ತದೆ. ಅದಕ್ಕೇ ಹಿಂದಿನವರು ಬೇಟೆ ಮುಗಿಸಿ ಬಂದ ತಕ್ಷಣ ಕುದಿಯುವ ನೀರು ಹಾಕಿ ನಳಿಗೆ ತೊಳೆಯುತ್ತಿದ್ದದ್ದು. ಬರೀ ಎಣ್ಣೆಗೆ ಉಪ್ಪು ಹೋಗುವುದಿಲ್ಲ.

ಇಲ್ಲಿ ಇಂಥ ರೈಫಲ್ ಇರುವವರು ಬಾಕ್ಸರ್ ಪದ್ಧತಿಯ ಹೊಸ ಕೇಸ್ ಕೊಳ್ಳುತ್ತಾರೆ. ಆಸ್ಟ್ರೇಲಿಯಾದ ಬರ್ಟ್ರಮ್ ಇಂಥ ಅಪರೂಪದ ಕೇಸ್ ಮಾಡುತ್ತದೆ. ಇಂಗ್ಲೆಂಡಿನಲ್ಲಿ ಕೈನಾಕ್ ಹೆಸರಲ್ಲೇ ಬೇರೆ ಕಂಪನಿ ಈಗ ಮತ್ತೆ ತೋಟಾ ಮಾಡುತ್ತಿದೆ. ಹಾರ್ನಡಿಯವರೂ .450/400 ಮಾರುತ್ತಾರೆ. ಆದರೆ ಹುಷಾರು, ಅವರದು 3 ಇಂಚಿನದು. ನಿಮ್ಮ ಖಾಲಿ ಕೇಸ್ 3¼. ಹೆಸರು ನೋಡಿ ಯಾರಾದರೂ ತಂದುಕೊಟ್ಟರೆ ತೊಗೋಬೇಡಿ.

ಜೋಡು ನಳಿಗೆಯಲ್ಲಿ ಇನ್ನೊಂದು ಫಜೀತಿ ಇದೆ. ಎರಡು ನಳಿಗೆ ಸಮಾನಾಂತರ ಅಲ್ಲ, ತುದಿ ಕಡೆ ಒಂದಕ್ಕೊಂದು ಸ್ವಲ್ಪ ವಾಲಿರುತ್ತವೆ. ಕಾರ್ಖಾನೆಯಲ್ಲಿ ಒಬ್ಬ ಅನುಭವಿ ಕುಳಿತು ಬಲ ನಳಿಗೆ, ಎಡ ನಳಿಗೆ ಅಂತ ಹಾರಿಸಿ ನೋಡುತ್ತಾನೆ. ಗುಂಡು ಬೇರೆ ಬೇರೆ ಕಡೆ ಬಿದ್ದರೆ ಬೆಸುಗೆ ಕರಗಿಸಿ, ನಡುವಿನ ಬೆಣೆ ಚೂರು ಸರಿಸಿ, ಮತ್ತೆ ಬೆಸೆದು ಮತ್ತೆ ಹಾರಿಸುತ್ತಾನೆ. ಎರಡೂ ಒಂದೇ ಜಾಗಕ್ಕೆ ಬರುವವರೆಗೆ ಇದೇ ಕೆಲಸ. ಅದೆಲ್ಲ ಒಂದು ನಿರ್ದಿಷ್ಟ ತೋಟಾದ ವೇಗಕ್ಕೆ. ಬೇರೆ ವೇಗದ ತೋಟಾ ಹಾಕಿದರೆ ಗುಂಡು ಒಂದೋ ಅಡ್ಡ ದಾಟುತ್ತವೆ, ಇಲ್ಲವೇ ದೂರ ದೂರ ಬೀಳುತ್ತವೆ. ಹಾಗಾಗಿ ಇಲ್ಲಿನವರು ವೇಗ ಅಳೆಯುವ ಯಂತ್ರ ಇಟ್ಟುಕೊಂಡು, ನೂರು ವರ್ಷದ ಹಿಂದಿನ ಕಾರ್ಡೈಟ್ ತೋಟಾದ ವೇಗಕ್ಕೆ ಹತ್ತಿರ ತರಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಅವರ ಬಳಿ ಪ್ರಕಟವಾದ ಅಳತೆ ಪುಸ್ತಕ ಇದೆ, ಹೊಸ ಕೇಸ್ ಇದೆ, ಪಕ್ಕದಲ್ಲಿ ಕೋವಿ ಪಂಡಿತರಿದ್ದಾರೆ. ನಿಮಗೆ ಅಲ್ಲಿ ಇದ್ಯಾವುದೂ ಇಲ್ಲ. ಬೇಡ ಅಂತಲೇ ನನ್ನ ಮಾತು.

ಕೋರ್ಟ್ ಹಾಲ್ ಕ್ಯಾಂಟೀನ್

ಕಾನೂನಿನ ಭಾಗ ಚುಟುಕಾಗಿ ಹೇಳಿಬಿಡುತ್ತೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಇದು ಬೇರೆ. ಮದ್ದು ಅಂದ ತಕ್ಷಣ ಸ್ಫೋಟಕಗಳ ಕಾನೂನೂ ಬಂದು ಕೂರುತ್ತದೆ. ಪೀಣ್ಯದ ಗೆಳೆಯ ಈ ಉಸಾಬರಿಗೆ ಬರದಿರುವುದೇ ಕ್ಷೇಮ.

ಇಷ್ಟು ಹಳೆಯದು ಅಂದರೆ ಲೈಸೆನ್ಸ್ ಬೇಡ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. 45ನೇ ಸೆಕ್ಷನ್ನಿನಲ್ಲಿ ಹಳೆಯ ಮಾದರಿಯ ಆಯುಧಕ್ಕೆ ವಿನಾಯಿತಿ ಇದೆ, ಆದರೆ ರಿಪೇರಿ ಮಾಡಿದರೂ ಹಾರಿಸಲು ಬಾರದಂಥದ್ದಾಗಿರಬೇಕು. ನಿಮ್ಮದು ಹಾರುವ ರೈಫಲ್. ತೋಟಾ ಸಿಗುವುದಿಲ್ಲ ಅಂದ ಮಾತ್ರಕ್ಕೆ ಅದು ಗೋಡೆಗೆ ನೇತುಹಾಕುವ ವಸ್ತು ಆಗುವುದಿಲ್ಲ.

ದೊಡ್ಡಪ್ಪನ ವಿಷಯ ಸುಲಭ. 2016ರ ನಿಯಮಗಳಲ್ಲಿ ವಂಶಪಾರಂಪರ್ಯ ಕೋವಿಗೆ ದಾರಿ ಇದೆ. ಲೈಸೆನ್ಸ್ ಇರುವವರಿಗೆ 70 ತುಂಬಿದ್ದರೆ, ಇಲ್ಲವೇ ಕೋವಿ 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ಕುಟುಂಬದವರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ತಮ್ಮನ ಮಗ ಅದರಲ್ಲಿ ಬರುತ್ತಾನಾ, ಅವರ ಸ್ವಂತ ಮಕ್ಕಳ ಒಪ್ಪಿಗೆ ಪತ್ರ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ಬೆಂಗಳೂರು ನಗರದಲ್ಲಿ ಇದು ಪೊಲೀಸ್ ಕಮಿಷನರ್ ಕಚೇರಿಯ ಕೆಲಸ, ಜಿಲ್ಲೆಗಳ ಹಾಗೆ ಡಿಸಿ ಹತ್ತಿರ ಅಲ್ಲ. ಸುರಕ್ಷಿತವಾಗಿ ಕೋವಿ ಬಳಸುವ ತರಬೇತಿ ಸರ್ಟಿಫಿಕೇಟ್ ಕೇಳುತ್ತಾರೆ. ಪೊಲೀಸರೇ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ ಇದೆ, ಅಲ್ಲಿ ಗುರಿ ಹೊಡೆಯುವ ಆಸೆಯೂ ಸ್ವಲ್ಪ ತೀರುತ್ತದೆ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ. ನಿಮ್ಮ ಹೆಸರಲ್ಲಿ ಬೇರೆ ಇದ್ದರೆ ಲೆಕ್ಕ ಹಾಕಿಕೊಳ್ಳಿ.

ಲೈಸೆನ್ಸ್ ನಿಮ್ಮ ಹೆಸರಿಗೆ ಬರುವ ತನಕ ರೈಫಲ್ ಹೊತ್ತು ನೀವೊಬ್ಬರೇ ಅಂಗಡಿಗೆ ಹೋಗಬೇಡಿ. ರಿಪೇರಿಗೆ ಒಯ್ಯುವುದಾದರೆ ದೊಡ್ಡಪ್ಪ ಜೊತೆಗಿರಬೇಕು, ಇಲ್ಲವೇ ಅವರು ಬರೆದುಕೊಟ್ಟ ಒಪ್ಪಿಗೆ ಪತ್ರ ಕೈಯಲ್ಲಿರಬೇಕು. ಆಟೋದಲ್ಲಿ ಕೋವಿ ಚೀಲ ಹಿಡಿದು ಕೂತವರನ್ನು ಕಂಡರೆ ಯಾವ ಪೊಲೀಸನೂ ಸುಮ್ಮನೆ ಬಿಡುವುದಿಲ್ಲ.

ಹಳೇ ಟೂಲ್‌ರೂಮ್

ಮುದ್ರೆ ಚೆನ್ನಾಗಿ ಓದಿದ್ದೀರಿ. ಅದು ಬರ್ಮಿಂಗ್‌ಹ್ಯಾಮ್ ಪ್ರೂಫ್. ಕಿರೀಟದ ಕೆಳಗೆ ಬಿವಿ, ಬಿಪಿ, ಎನ್‌ಪಿ ಹೊಡೆಯುವ ಪದ್ಧತಿ 1904ರಲ್ಲಿ ಶುರುವಾಯಿತು. ಎನ್‌ಪಿ ಅಂದರೆ ನೈಟ್ರೋ ಪ್ರೂಫ್, ಕಾರ್ಡೈಟಿನಂಥ ಹೊಸ ಮದ್ದಿಗೆ ಪರೀಕ್ಷೆ ಆಗಿದೆ ಅಂತ. ಅಂದರೆ ನಿಮ್ಮದು ಕರಿಮದ್ದಿನ ಕಾಲದ್ದಲ್ಲ, ಕಾರ್ಡೈಟ್‌ಗೇ ಹುಟ್ಟಿದ್ದು. 60-400 ಅಂದರೆ 60 ಗ್ರೇನ್ ಕಾರ್ಡೈಟ್, 400 ಗ್ರೇನ್ ಗುಂಡು. ಗ್ರಾಂ ಅಲ್ಲ, ಗ್ರೇನ್. 400 ಗ್ರೇನ್ ಸುಮಾರು 26 ಗ್ರಾಂ ಆಗುತ್ತದೆ. ಆ ಅಂಕಿ ಕಾರ್ಡೈಟ್‌ಗೆ ಮಾತ್ರ. ಇನ್ಯಾವುದೋ ಮದ್ದು 60 ಅಳೆದು ಹಾಕಿದರೆ ಆಯಿತು ಅಂತ ಯಾರಾದರೂ ಹೇಳಿದರೆ ಅವರ ನಂಬರ್ ಬ್ಲಾಕ್ ಮಾಡಿ. ಇದೇ 60-400 ಮುದ್ರೆ 3 ಇಂಚಿನ ರೈಫಲ್‌ಗಳ ಮೇಲೂ ಬರುತ್ತದೆ, ಹಾಗಾಗಿ ಉದ್ದದ ಪ್ರಶ್ನೆ ಇನ್ನೂ ಉಳಿದೇ ಇದೆ.

ಕಾಗದ ಸುತ್ತಿದ ಸೀಸದ ತೋಟಾ ಈ ರೈಫಲ್‌ದಲ್ಲ. ಪ್ಲಾಂಟರನ ಹತ್ತಿರ ಹಳೆಯದು ಇನ್ನೊಂದು ಇದ್ದಿರಬೇಕು, ಎರಡರದ್ದೂ ಒಂದೇ ಡಬ್ಬ ಸೇರಿವೆ. ಡಬ್ಬ ನಂಬಬೇಡಿ ಅಂದದ್ದು ಇದಕ್ಕೇ.

ಹಾರಿಸದ ಕೇಸ್ ಬಿರುಕು ಬಿಟ್ಟದ್ದರ ಹಿಂದೆ ದೊಡ್ಡ ಕಥೆ ಇದೆ, ನಮ್ಮ ದೇಶದ್ದೇ. ಬ್ರಿಟಿಷ್ ಸೈನ್ಯದವರು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ತೋಟಾ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಕೇಸಿನ ಬಾಯಿ ಸೀಳಿರುತ್ತಿತ್ತು. ಕುದುರೆ ಗಂಜಳದ ಅಮೋನಿಯಾ ಇದಕ್ಕೆ ಕಾರಣ ಅಂತ 1921ರಲ್ಲಿ ತಿಳಿಯಿತು. ಎಳೆದು ಮಾಡಿದ ಹಿತ್ತಾಳೆಯ ಮೈಯಲ್ಲಿ ಬಿಗಿ ಉಳಿದಿರುತ್ತದೆ, ಅದರ ಮೇಲೆ ತೇವ ಮತ್ತು ಅಮೋನಿಯಾ ಬಿದ್ದರೆ ಬಿರುಕು. ನಿಮ್ಮ ಮನೆಯ ಬೀರುವಿನಲ್ಲಿ ಕುದುರೆ ಇರಲಿಲ್ಲ, ಒಪ್ಪಿದೆ. ಆದರೆ ಮೊದಲು ಎಸ್ಟೇಟಿನಲ್ಲಿ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಎಷ್ಟು ಮಳೆಗಾಲ ಕಳೆದಿತ್ತೋ ಯಾರಿಗೆ ಗೊತ್ತು.

ಈಗ ಮಾಡಬೇಕಾದ್ದು. ತುಂಬಿದ ತೋಟಾ ಎಲ್ಲವನ್ನೂ ದೊಡ್ಡಪ್ಪನ ಕೈಯಿಂದ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಸ್ಟೇಷನ್ನಿಗೋ ಒಪ್ಪಿಸಿ, ರಸೀದಿ ತೊಗೊಳ್ಳಿ. ಒಯ್ಯುವ ಮೊದಲು ಫೋನ್ ಮಾಡಿ ಕೇಳಿ. ಹಳೆಯ ಕಾರ್ಡೈಟ್ ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಎಷ್ಟು ತೋಟಾ ಇಟ್ಟುಕೊಳ್ಳಬಹುದು ಅಂತ ಸಂಖ್ಯೆ ಇರುತ್ತದೆ, ಅದನ್ನೂ ಡಬ್ಬದ ಜೊತೆ ತಾಳೆ ನೋಡಿ.

ರೈಫಲ್ ಇಟ್ಟುಕೊಳ್ಳಿ. 1980ರ ದಶಕದಲ್ಲಿ ಖಾಸಗಿಯವರು ಕೋವಿ ತರಿಸುವುದು ನಿಂತ ಮೇಲೆ ಇಂಗ್ಲಿಷ್ ಜೋಡು ನಳಿಗೆ ಇಲ್ಲಿ ಹೊಸದಾಗಿ ಬಂದದ್ದೇ ಇಲ್ಲ ಅನ್ನಬಹುದು. ನಳಿಗೆ ಗಟ್ಟಿ ಇದೆಯಾ ಅಂತ ನೋಡಲು ನಮ್ಮ ಅಂಗಡಿಯಲ್ಲಿ ಮಾಡುತ್ತಿದ್ದದ್ದು ಹೇಳುತ್ತೇನೆ, ಇದನ್ನು ಮನೆಯಲ್ಲೂ ಮಾಡಬಹುದು. ಬಿಚ್ಚಿದ ನಳಿಗೆ ಜೋಡಿಯನ್ನು ಕೆಳಗಿನ ಕೊಕ್ಕೆಗೆ ದಾರ ಕಟ್ಟಿ ತೂಗುಬಿಡಿ. ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿ. ಠಣ್ ಅಂತ ಉದ್ದಕ್ಕೆ ಕೇಳಿದರೆ ನಳಿಗೆಗಳ ನಡುವಿನ ಬೆಸುಗೆ ಚೆನ್ನಾಗಿದೆ. ಜರ್ ಅಂತ ಒಡಕು ಸದ್ದು ಬಂದರೆ ಎಲ್ಲೋ ಬಿಟ್ಟಿದೆ, ಒಳಗೆ ತೇವ ಹೋಗಿ ತುಕ್ಕು ಹಿಡಿಯುತ್ತಿರುತ್ತದೆ. ಹಾಗಿದ್ದರೆ ಹಾರಿಸುವ ಮಾತು ಅಲ್ಲಿಗೇ ಮುಗಿಯಿತು.

ಕೇಸಿನ ಉದ್ದ ಖಚಿತ ಮಾಡಲು ನಳಿಗೆಯಲ್ಲಿ ತೋಟಾ ಕೂರುವ ಜಾಗದ ಅಚ್ಚು ತೆಗೆಯಬೇಕು. ಹಿಂದೆ ಗಂಧಕ ಕರಗಿಸಿ ಸುರಿಯುತ್ತಿದ್ದೆವು. ಅಂಗಡಿ ತುಂಬ ವಾಸನೆ, ಅಕ್ಕಪಕ್ಕದವರು ಜಗಳಕ್ಕೆ ಬರುತ್ತಿದ್ದರು. ಈಗ ಸೆರೋಸೇಫ್ ಅನ್ನುವ ಮಿಶ್ರಲೋಹ ಇದೆ, ಕುದಿಯುವ ನೀರಿಗಿಂತ ಕಡಿಮೆ ಬಿಸಿಗೆ, 90 ಡಿಗ್ರಿಯೊಳಗೇ ಕರಗುತ್ತದೆ. ಸುರಿದು ಒಂದು ಗಂಟೆ ಬಿಟ್ಟು ಅಳೆದರೆ ನಳಿಗೆಯ ಅಳತೆ ಸರಿಯಾಗಿ ಸಿಗುತ್ತದೆ. ಇದನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಮಾಡಿಸಿ, ಮನೆಯಲ್ಲಿ ಬೇಡ.

ಅಚ್ಚಿನ ಅಳತೆ ಬಂದ ಮೇಲೆ ಇಲ್ಲಿ ಹಾಕಿ. ಉದ್ದ, ಹೆಗಲು, ಬಾಯಿ, ಅಂಚು, ನಾಲ್ಕೂ ಬೇಕು. ಪೀಣ್ಯದ ಗೆಳೆಯರಿಗೂ ಒಂದು ಕೆಲಸ ಇದೆ. ಖಾಲಿ ಕೋವಿಯ ಟ್ರಿಗರ್ ಎಳೆದು ನೋಡುವಾಗ ಪಿನ್ ಮುರಿಯದ ಹಾಗೆ ನಳಿಗೆಗೆ ಹಾಕುವ ಡಮ್ಮಿ, ನಾವು ಸ್ನ್ಯಾಪ್ ಕ್ಯಾಪ್ ಅನ್ನುವುದು. ಅದಕ್ಕೆ ಮದ್ದಿಲ್ಲ, ಕೇಪಿಲ್ಲ. ಸೀಸದ ಹಿತ್ತಾಳೆಯೇ ಸಾಕು, ಕೇಪು ಇರುವ ಜಾಗಕ್ಕೆ ಗಟ್ಟಿ ರಬ್ಬರ್ ಕೂರಿಸಲಿ. ಜೋಡಿ ಮಾಡಿಕೊಡಲು ಹೇಳಿ, ಅಳತೆ ನಾನು ನೋಡಿಕೊಡುತ್ತೇನೆ.

ಗವಿಪುರದ ಮೊಮ್ಮಗ

ತಟ್ಟಿ ನೋಡಿದೆವು ಸರ್. ಠಣ್ ಅಂತಲೇ ಕೇಳಿತು. ದೊಡ್ಡಪ್ಪ ಮತ್ತೆ ಮತ್ತೆ ತಟ್ಟಿಸಿದರು. ತೋಟಾ ಒಪ್ಪಿಸಲು ಸೋಮವಾರ ಅವರನ್ನೇ ಕರೆದುಕೊಂಡು ಹೋಗುತ್ತೇನೆ, ಡೀಲರ್ ಹತ್ತಿರ ಮಾತಾಡಿ ಆಗಿದೆ. ಗನ್‌ಸ್ಮಿತ್ ಬಳಿ ಅಚ್ಚು ಮಿಶ್ರಲೋಹ ಇಲ್ಲವಂತೆ, ತರಿಸುತ್ತೇನೆ ಅಂದಿದ್ದಾರೆ. ಅಳತೆ ಬಂದಾಗ ಹಾಕುತ್ತೇನೆ.